ಬೆಳ್ಳಿ ಕಡಗ ಗೆದ್ದವರ ಹೆಸರು

ತೇರು ಎಳೆದ ಮರುದಿನ ಕುಸ್ತಿ. ಕಲಬುರಗಿ ಜಿಲ್ಲೆಯ ಜಿಡಗಾದ ಸುತ್ತಿನ ಊರುಗಳಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಉದ್ದಗಲಕ್ಕೂ, ಈ ಕ್ರಮವನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮೊದಲು ಪಲ್ಲಕ್ಕಿ, ಆಮೇಲೆ ತೇರು, ರಾತ್ರಿ ಮದ್ದು ಸುಡುವುದು, ಬಯಲಾಟ ಇಲ್ಲವೇ ನಾಟಕ. ಮಾರನೇ ದಿನ ಬಿಸಿಲು ಇಳಿಯುತ್ತಲೇ ಜಂಗಿ ಪೈಲ್ವಾನರ ಕುಸ್ತಿ. ಜಾತ್ರೆಯ ಕರಪತ್ರದಲ್ಲಿ ದೇವರ ಹೆಸರು, ಸ್ವಾಮಿಗಳ ಹೆಸರು, ಪುರಾಣ ಹೇಳುವವರ ಹೆಸರು ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಸಾಲು ಇರುತ್ತಿತ್ತು: ಗೆದ್ದ ಪೈಲ್ವಾನರಿಗೆ ಬೆಳ್ಳಿ ಕಡಗ. ನಮ್ಮ ವಯಸ್ಸಿನ ಹುಡುಗರು ಆ ಕರಪತ್ರವನ್ನು ಓದುತ್ತಿದ್ದದ್ದೇ ಕೆಳಗಿನಿಂದ ಮೇಲಕ್ಕೆ.

ಕರಪತ್ರ ಈಗಲೂ ಅಚ್ಚಾಗುತ್ತದೆ. ಎಷ್ಟೋ ಊರುಗಳಲ್ಲಿ ಕಡಗ ಈಗಲೂ ಕೊಡುತ್ತಾರೆ, ಹಲಗಿಯೂ ಬಾರಿಸುತ್ತಾರೆ. ಆದರೂ ಕಣ್ಣೆದುರಿಗೇ ಏನೋ ಮುಗಿಯುತ್ತಿದೆ ಅನ್ನುವುದನ್ನು ಈ ಭಾಗದಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಊರಿಗೊಂದು ಇದ್ದ ತಾಲೀಮು, ಅಂದರೆ ಗರಡಿಮನೆ, ಹೋಯಿತು. ಕಣಕ್ಕೆ ಇಳಿಯುವವರಲ್ಲಿ ನಮ್ಮ ಓಣಿಯ ಹುಡುಗರು ಕಾಣುವುದಿಲ್ಲ. ಮನೆಮನೆಗೆ ಪಟ್ಟಿ ಹಾಕಿ ಬಹುಮಾನದ ಹಣ ಕೂಡಿಸುತ್ತಿದ್ದ ಊರು ಈಗ ಬ್ಯಾನರಿನ ಮೇಲಿರುವ ಒಬ್ಬರ ಹೆಸರಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತದೆ. ಊರೇ ಹಣ ಕೂಡಿಸಿ, ಊರೇ ಜೋಡಿ ಹಚ್ಚಿ, ಊರೇ ತೀರ್ಪು ಹೇಳಿ, ಬಂದವರೆಲ್ಲರಿಗೂ ಬಾಗಿಲು ತೆರೆದಿಟ್ಟು ನಡೆಸುತ್ತಿದ್ದ ಪಂದ್ಯ ಅದು. ಅದನ್ನು ಕಂಡವರು ಇನ್ನೂ ನಮ್ಮ ನಡುವೆ ಇರುವಾಗಲೇ ಅದರ ಮಾತು ಆಡಬೇಕು.

ಮೊದಲು ತಾಲೀಮಿನ ಮಾತು. ನಮ್ಮದು ಎರೆ ಭೂಮಿ, ತೊಗರಿ ಮತ್ತು ಜೋಳದ ಸೀಮೆ. ಎರೆಮಣ್ಣು ಒಣಗಿದರೆ ಕಲ್ಲು, ತೊಯ್ದರೆ ಕಾಲು ಕೀಳಲು ಬಿಡದ ಅಂಟು. ಅದರ ಮೇಲೆ ಮೈ ಬಿದ್ದರೆ ಎಲುಬು ಉಳಿಯುವುದಿಲ್ಲ. ಹಾಗಾಗಿ ಗರಡಿಯ ಮಣ್ಣನ್ನು ಕೆಂಪು ಭೂಮಿ ಇರುವ ಕಡೆಯಿಂದ ಬಂಡಿ ಕಟ್ಟಿಕೊಂಡು ಹೋಗಿ ತರುತ್ತಿದ್ದರು. ಜರಡಿ ಹಿಡಿದು, ಹರಳು ಆರಿಸಿ, ಅದಕ್ಕೆ ಮಜ್ಜಿಗೆ, ಎಣ್ಣೆ, ನಿಂಬೆಹಣ್ಣಿನ ರಸ, ಅರಿಶಿನ, ಕರ್ಪೂರ ಬೆರೆಸಿ ದಿನಗಟ್ಟಲೆ ತುಳಿದು ಹದ ಮಾಡಬೇಕು. ಆ ಮಣ್ಣಿಗೆ ಅದರದೇ ಒಂದು ವಾಸನೆ ಇತ್ತು. ಬೆಳಗಿನ ಜಾವ ತಾಲೀಮಿನ ಸಣ್ಣ ಬಾಗಿಲು ಬಗ್ಗಿ ಒಳಗೆ ಹೋದರೆ ಮೊದಲು ತಾಗುವುದು ಅದೇ. ಒಳಗೆ ಗೋಡೆಗೆ ಹನುಮಂತದೇವರ ಮೂರ್ತಿ, ಮೂಲೆಯಲ್ಲಿ ಲೋಡು, ಗದೆ, ಸಂಗ್ರಾಣಿ ಕಲ್ಲು. ಕುಸ್ತಿ ಕಲಿಸುವ ವಸ್ತಾದರು ಕಟ್ಟೆಯ ಮೇಲೆ ಕೂತು ದಂಡ, ಬೈಠಕ್ ಎಣಿಸುವರು. ನಾಗರಪಂಚಮಿ ಹತ್ತಿರ ಬಂತೆಂದರೆ ಆ ಎಣಿಕೆ ಏರುತ್ತ ಹೋಗುತ್ತಿತ್ತು. ಜೋಳದ ಚೀಲ ಎತ್ತುವವರು, ಸಂಗ್ರಾಣಿ ಕಲ್ಲು ಹೆಗಲಿಗೇರಿಸುವವರು ಆಗ ಊರಿನೆದುರು ತಮ್ಮ ಒಂದು ವರ್ಷದ ಲೆಕ್ಕ ಕೊಡಬೇಕಿತ್ತು.

ಜಾತ್ರೆಯ ಕಣದಲ್ಲಿ ಮೊದಲು ಇಳಿಯುತ್ತಿದ್ದವರು ಸಣ್ಣ ಹುಡುಗರು. ಅವರದು ತೆಂಗಿನಕಾಯಿ ಕುಸ್ತಿ. ಗೆದ್ದವನಿಗೆ ಒಂದು ಕಾಯಿ. ಆ ಕಾಯಿಯನ್ನು ಎದೆಗೊತ್ತಿ ಹಿಡಿದು ಅವ್ವನ ಹತ್ತಿರ ಓಡುವ ಹುಡುಗನ ಮೈಮೇಲಿನ ಮಣ್ಣನ್ನು ಯಾರೂ ಒರೆಸಿಕೋ ಅನ್ನುತ್ತಿರಲಿಲ್ಲ. ಆಮೇಲೆ ಹಣದ ಕುಸ್ತಿ ಶುರು. ಐದು ರೂಪಾಯಿ, ಹತ್ತು ರೂಪಾಯಿ, ಇಪ್ಪತ್ತೈದು, ಐವತ್ತು ಎಂದು ಏರುತ್ತ ಏರುತ್ತ ಹೊತ್ತು ಮುಳುಗುವ ಸಮಯಕ್ಕೆ ಕಡಗದ ಜೋಡಿ.

ಜೋಡಿ ಹಚ್ಚುವುದನ್ನು ನೋಡುವುದೇ ಒಂದು ಪಾಠ. ತೂಕದ ಯಂತ್ರ ಇರಲಿಲ್ಲ, ವಯಸ್ಸಿನ ದಾಖಲೆ ಇರಲಿಲ್ಲ. ಪಂಚರು ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಹೆಗಲು ಸಮ ಇದೆಯೋ ನೋಡುವರು. ಒಬ್ಬನ ರಟ್ಟೆ ಹಿಡಿದು, ಇನ್ನೊಬ್ಬನ ಕುತ್ತಿಗೆ ಮುಟ್ಟಿ, ‘ಇಂವಗ ಅಂವ ಆಗಲ್ಲ, ಆ ಕಡಿಂದ ಇನ್ನೊಬ್ಬನ್ನ ಕಳಸ್ರಿ’ ಅನ್ನುವರು. ಸುತ್ತ ಕೂತವರಿಗೂ ಮಾತಾಡುವ ಹಕ್ಕಿತ್ತು. ಜೋಡಿ ಸರಿ ಇಲ್ಲ ಅನ್ನಿಸಿದರೆ ನಾಲ್ಕೂ ದಿಕ್ಕಿನಿಂದ ಕೂಗು ಏಳುತ್ತಿತ್ತು, ಪಂಚರು ಆ ಕೂಗಿಗೆ ತಲೆಬಾಗುತ್ತಿದ್ದರು. ಜೋಡಿ ಒಪ್ಪಿಗೆಯಾದರೆ ಇಬ್ಬರೂ ಕೈ ಕೈ ಹಿಡಿದು ಕಣದ ಸುತ್ತ ಒಂದು ಸುತ್ತು ನಡೆಯುವರು. ಹಿಡಿ ಮಣ್ಣು ತೆಗೆದು ಹಣೆಗೆ ಮುಟ್ಟಿಸಿ, ಒಬ್ಬರ ಮೈಗೊಬ್ಬರು ಹಚ್ಚುವರು. ಬೆವತ ಮೈ ಜಾರದಿರಲಿ ಎಂದು ಎದುರಾಳಿಗೂ ತಾನೇ ಮಣ್ಣು ಹಚ್ಚಬೇಕು. ಆಟದ ನಿಯಮ ಎಂದು ಯಾರೂ ಅದನ್ನು ಓದಿ ಹೇಳಿರಲಿಲ್ಲ. ಆದರೂ ಅದನ್ನು ತಪ್ಪಿಸಿದವನಿಗೆ ಊರು ಮರ್ಯಾದೆ ಕೊಡುತ್ತಿರಲಿಲ್ಲ.

ಕಡಗದ ಕುಸ್ತಿ ಅಂದರೆ ನಿಕಾಲಿ ಕುಸ್ತಿ. ಒಬ್ಬನ ಎರಡೂ ಹೆಗಲು ನೆಲ ಮುಟ್ಟುವವರೆಗೆ ಮುಗಿಯುವುದಿಲ್ಲ. ಅಂಕ ಇಲ್ಲ, ಗಡಿಯಾರ ಇಲ್ಲ. ಇಬ್ಬರು ಸಮಬಲರು ಸಿಕ್ಕರೆ ಹಲಗಿಯವನ ಕೈ ಸೋಲಬೇಕು, ಇವರು ಸೋಲುತ್ತಿರಲಿಲ್ಲ. ಢಾಕ್ ಹಾಕಿದ, ಕಲಾಜಂಗ್ ಎತ್ತಿದ, ಧೋಬಿ ಪಛಾಡ್ ಹೊಡೆದ ಎಂದು ಕಣದ ಅಂಚಿನಲ್ಲಿ ಕೂತ ಮುತ್ಯಾಗಳು ಪ್ರತಿ ಪಟ್ಟಿನ ಹೆಸರು ಹೇಳುವರು. ಮೊಮ್ಮಕ್ಕಳು ಆ ಹೆಸರುಗಳನ್ನು ಶಾಲೆಯ ಪಾಠಕ್ಕಿಂತ ಬೇಗ ಕಲಿಯುವರು. ಚಿತ್ ಆಯಿತೆಂದರೆ ಗೆದ್ದವನನ್ನು ಹೆಗಲ ಮೇಲೆ ಎತ್ತಿಕೊಂಡು ಕಣ ಸುತ್ತಿಸುವರು. ಅವನು ಕೈ ಚಾಚಿದಷ್ಟೂ ಜನ ನೋಟು ಕೊಡುವರು. ಕಡಗ ಒಂದು ಕಡೆ, ಈ ಇನಾಮು ಇನ್ನೊಂದು ಕಡೆ. ಚೆನ್ನಾಗಿ ಹಿಡಿದು ಸೋತವನಿಗೂ ಆ ಕೈಗಳು ಚಾಚುತ್ತಿದ್ದವು. ಆ ನೋಟು ಕೊಟ್ಟವನು ತೊಗರಿ ಮಾರಿ ಬಂದ ರೈತನೋ, ಕೂಲಿಯವನೋ, ಕಿರಾಣಿ ಅಂಗಡಿಯವನೋ ಆಗಿರುತ್ತಿದ್ದ. ಆಟಗಾರನಿಗೂ ಕೊಡುವವನಿಗೂ ನಡುವೆ ಒಂದು ಗೇಣು ಅಂತರ. ಕಣ್ಣಲ್ಲಿ ಕಣ್ಣಿಟ್ಟು ಕೊಟ್ಟ ಹಣ ಅದು.

ಇದೇ ಹಣದಲ್ಲಿ ಬದುಕಿದ ಪೈಲ್ವಾನರಿದ್ದರು. ಕಲಬುರಗಿಯ ಶರಣಬಸವೇಶ್ವರರ ಜಾತ್ರೆ ಹೋಳಿಹುಣ್ಣಿಮೆ ಆದ ಮೇಲೆ ಬರುತ್ತದೆ. ಅಲ್ಲಿಂದ ಮುಂದೆ ಬೇಸಿಗೆಯುದ್ದಕ್ಕೂ ಒಂದಲ್ಲ ಒಂದು ಊರಲ್ಲಿ ತೇರು. ತಿಥಿ, ಹುಣ್ಣಿಮೆ, ಅಮಾವಾಸ್ಯೆಗಳ ಲೆಕ್ಕದಲ್ಲೇ ಪೈಲ್ವಾನರಿಗೆ ಯಾವ ದಿನ ಎಲ್ಲಿ ಕಣ ಅನ್ನುವುದು ಬಾಯಿಪಾಠ. ಅಕ್ಕಲಕೋಟೆ, ಸೋಲಾಪುರ, ಉಮರ್ಗಾ, ವಿಜಯಪುರದ ಕಡೆಯವರು ನಮ್ಮ ಜಾತ್ರೆಗೆ ಬರುವರು, ನಮ್ಮವರು ಅಲ್ಲಿಗೆ ಹೋಗುವರು. ಜಿಡಗಾದ ಮಠಕ್ಕೂ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಮುಗಳಖೋಡದ ಮಠಕ್ಕೂ ನಂಟು. ಎರಡೂ ಊರ ಹೆಸರನ್ನು ಕೂಡಿಸಿಯೇ ಹೇಳುವುದು ರೂಢಿ. ಆ ಕಡೆ ಹೋದರೆ ಕುಸ್ತಿಯ ದೊಡ್ಡ ಸೀಮೆಯೇ ತೆರೆದುಕೊಳ್ಳುತ್ತದೆ. ಛತ್ರಪತಿ ಶಾಹೂ ಮಹಾರಾಜರು 1912ರಲ್ಲಿ ಕೊಲ್ಹಾಪುರದಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. ಎಲ್ಲಿ ಕೂತರೂ ನಡುವಿನ ಕಣ ಕಾಣುವ ಆ ಮೈದಾನ ಗಡಿಯ ಈಚೆಗಿನ ಕನ್ನಡದ ಹುಡುಗರಿಗೂ ಕನಸಾಯಿತು. ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಬೆಳೆದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿ ಎಂಬ ಕುಸ್ತಿಯ ಬಿರುದು ಗೆದ್ದರು. ಅಂಥವರ ಕಥೆಗಳು ನಮ್ಮ ತಾಲೀಮಿನ ಕಟ್ಟೆಯ ಮೇಲೆ ರಾತ್ರಿಯೆಲ್ಲ ನಡೆಯುತ್ತಿದ್ದವು.

ಊರಿಂದ ಊರಿಗೆ ಹೋಗಿ, ಅಲ್ಲಿಯ ಜನರ ಮುಂದೆ ಆಡಿ, ಅಲ್ಲಿ ಸಿಕ್ಕ ಹಣದಲ್ಲಿ ಬದುಕುವ ಆಟಗಾರರು ನಮ್ಮ ಸೀಮೆಯಲ್ಲಿ ಮಾತ್ರ ಇರಲಿಲ್ಲ. ನಮ್ಮ ಪೈಲ್ವಾನರು ಜಾತ್ರೆಯಿಂದ ಜಾತ್ರೆಗೆ ನಡೆಯುತ್ತಿದ್ದ ಅದೇ ಕಾಲಕ್ಕೆ ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡಗಳು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದವು. ಆ ಚರಿತ್ರೆ ಓದುವಾಗ ನನಗೆ ನಮ್ಮ ಕಣವೇ ಕಂಡಿತು. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈಎಂಸಿಎ ಶಾಲೆಯ ಮೇಷ್ಟ್ರು ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆದು ಕಟ್ಟಿದ ಆಟ ಅದು. ಮೊದಲ ಐವತ್ತು ವರ್ಷ ಅದರಲ್ಲಿ ದುಡ್ಡಿಗಾಗಿ ಆಡುವವರಿಗೆ ಗಟ್ಟಿಯಾದ ನೆಲೆ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಸಣ್ಣ ಲೀಗು, ಉಳಿದಂತೆ ತಿರುಗಾಟ. ಯಾವುದೋ ಊರಿನ ಸಭಾಭವನ, ಯಾವುದೋ ನೃತ್ಯಶಾಲೆಯ ನೆಲ. ಟಿಕೆಟ್ಟಿನ ಹಣದಲ್ಲಿ ಪಾಲು.

ಆ ತಿರುಗಾಟದ ತಂಡಗಳಲ್ಲಿ ದೊಡ್ಡದು ನ್ಯೂಯಾರ್ಕ್ ರೆನೆಸಾನ್ಸ್. ಜನ ಅದನ್ನು ರೆನ್ಸ್ ಎಂದು ಕರೆದರು. ಕೆರಿಬಿಯನ್ ದ್ವೀಪವೊಂದರಿಂದ ಬಂದ ಬಾಬ್ ಡಗ್ಲಸ್ ಎಂಬ ಕಪ್ಪು ಜನಾಂಗದ ವ್ಯಕ್ತಿ 1923ರಲ್ಲಿ ಹಾರ್ಲೆಮ್‌ನ ರೆನೆಸಾನ್ಸ್ ನೃತ್ಯಶಾಲೆಯನ್ನು ನೆಲೆ ಮಾಡಿಕೊಂಡು ಅದನ್ನು ಕಟ್ಟಿದರು. ಅಲ್ಲಿ ಮೊದಲು ಆಟ, ಆಟ ಮುಗಿದ ಮೇಲೆ ಅದೇ ನೆಲದಲ್ಲಿ ಕುಣಿತ. ಆಟಗಾರರೆಲ್ಲ ಕಪ್ಪು ಜನರು. ಬಿಳಿಯರ ಲೀಗುಗಳಲ್ಲಿ ಅವರಿಗೆ ಜಾಗ ಇಲ್ಲ. ದೂರದ ಊರುಗಳಿಗೆ ಹೋದರೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲ, ಊಟ ಹಾಕುತ್ತಿರಲಿಲ್ಲ. ಆದ್ದರಿಂದ ಬಸ್ಸೇ ಮನೆ. ಆ ಸ್ಥಿತಿಯಲ್ಲೇ 1932–33ರ ಋತುವಿನಲ್ಲಿ ಒಂದರ ಹಿಂದೊಂದು 88 ಪಂದ್ಯ ಗೆದ್ದರು.

1939ರ ಮಾರ್ಚಿನಲ್ಲಿ ಷಿಕಾಗೋದಲ್ಲಿ ಒಂದು ಪಂದ್ಯಾವಳಿ ನಡೆಯಿತು. ವೃತ್ತಿಪರ ಬ್ಯಾಸ್ಕೆಟ್‌ಬಾಲಿನ ವಿಶ್ವ ಪಂದ್ಯಾವಳಿ ಎಂದು ಅದರ ಹೆಸರು. ಅಲ್ಲಿಯ ಹೆರಾಲ್ಡ್ ಅಮೆರಿಕನ್ ಪತ್ರಿಕೆ ಅದನ್ನು ವರ್ಷವರ್ಷವೂ ನಡೆಸಿತು. ಲೀಗಿನ ತಂಡವೋ ಅಲ್ಲವೋ, ಬಿಳಿಯರ ತಂಡವೋ ಕಪ್ಪು ಜನರ ತಂಡವೋ ಎಂಬ ಭೇದ ಮಾಡದೆ ದೇಶದ ಗಟ್ಟಿ ತಂಡಗಳನ್ನು ಒಂದೇ ಕಣಕ್ಕೆ ಕರೆದದ್ದು ಅದರ ಹೆಚ್ಚುಗಾರಿಕೆ. ಮೊದಲ ಬಹುಮಾನ 1,000 ಡಾಲರ್. ರೆನ್ಸ್ ತಂಡ ಆ ವರ್ಷ ಇನ್ನೊಂದು ಕಪ್ಪು ಜನರ ತಂಡವಾದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸನ್ನು 27–23ರಿಂದ ಸೋಲಿಸಿ, ಫೈನಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಓಷ್ಕೋಷ್ ಎಂಬ ಊರಿನ ತಂಡವನ್ನು 34–25ರಿಂದ ಗೆದ್ದಿತು. ಓಷ್ಕೋಷ್ ಆಗ ಬಿಳಿಯರ ರಾಷ್ಟ್ರೀಯ ಲೀಗಿನ ಬಲಾಢ್ಯ ತಂಡ. ಲೀಗಿನೊಳಕ್ಕೆ ಬಿಡದವರು ಲೀಗಿನವರನ್ನೇ ಬಹಿರಂಗವಾಗಿ, ಎಲ್ಲರ ಕಣ್ಣೆದುರು ಚಿತ್ ಮಾಡಿದ್ದರು.

ಗೆದ್ದವರಿಗೆ ಜಾಕೆಟ್ಟು ಹೊಲಿಸಿಕೊಟ್ಟರು. ಬೆನ್ನ ಮೇಲೆ ಅವರು ವಿಶ್ವ ಚಾಂಪಿಯನ್ನರು ಎಂದಷ್ಟೇ ಇರಲಿಲ್ಲ, ಕಪ್ಪು ಬಣ್ಣದವರ ವಿಶ್ವ ಚಾಂಪಿಯನ್ನರು ಎಂದು ಹೊಲಿದಿತ್ತು. ತಂಡದ ಜಾನ್ ಐಸಾಕ್ಸ್ ಒಂದು ಬ್ಲೇಡು ಇಸಿದುಕೊಂಡು ಬಣ್ಣ ಹೇಳುವ ಆ ಒಂದು ಪದದ ದಾರವನ್ನು ಕತ್ತರಿಸಿ ತೆಗೆದರು. ಜಾಕೆಟ್ಟು ಕೆಡುತ್ತದೆ ಎಂದು ಡಗ್ಲಸ್ ತಡೆಯಲು ನೋಡಿದರು. ಕೆಡಿಸುತ್ತಿಲ್ಲ, ತಿದ್ದುತ್ತಿದ್ದೇನೆ ಎಂಬ ಅರ್ಥದ ಉತ್ತರ ಬಂತು. ಓದುವಾಗ ನಾನು ಈ ಜಾಗದಲ್ಲಿ ಬಹಳ ಹೊತ್ತು ನಿಂತಿದ್ದೇನೆ. ಎಲ್ಲರಿಗೂ ತೆರೆದ ಕಣ ಒಬ್ಬ ಆಟಗಾರನಿಗೆ ಏನು ಕೊಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಮರುವರ್ಷ ಗ್ಲೋಬ್‌ಟ್ರಾಟರ್ಸ್ ರೆನ್ಸನ್ನು ಒಂದೇ ಅಂಕದಿಂದ, 37–36ರಿಂದ ಸೋಲಿಸಿ ಮುಂದೆ ಹೋಗಿ ಗೆದ್ದರು. 1943ರಲ್ಲಿ ರೆನ್ಸ್‌ನ ಹಳಬರೇ ಹೆಚ್ಚಾಗಿದ್ದ ವಾಷಿಂಗ್ಟನ್ ಬೇರ್ಸ್ ಗೆದ್ದಿತು. 1944ರಿಂದ ಸತತ ಮೂರು ವರ್ಷ ಪಿಸ್ಟನ್ ಕಾರ್ಖಾನೆಯೊಂದರ ಮಾಲೀಕರು ಕಟ್ಟಿದ ಫೋರ್ಟ್ ವೇಯ್ನ್ ತಂಡದ ಕಾಲ. 1948ರ ಕೊನೆಯ ಫೈನಲ್‌ನಲ್ಲಿ ರೆನ್ಸ್ ಮತ್ತೆ ಬಂದಿತು. ಎದುರಿಗೆ ಮಿನಿಯಾಪೊಲಿಸ್ ಲೇಕರ್ಸ್, ಅದರಲ್ಲಿ ಎತ್ತರದ ಆಳು ಜಾರ್ಜ್ ಮೈಕನ್. ಅವರೊಬ್ಬರೇ 40 ಅಂಕ ಹಾಕಿದರು. 75–71. ನಾಲ್ಕು ಅಂಕದಲ್ಲಿ ರೆನ್ಸ್ ಸೋತಿತು.

ಆ ಪಂದ್ಯಾವಳಿ ಅಲ್ಲಿಗೆ ನಿಂತಿತು. 1949ರಲ್ಲಿ ಎರಡು ದೊಡ್ಡ ಲೀಗುಗಳು ಕೂಡಿ ಇವತ್ತಿನ ಎನ್‌ಬಿಎ ಆಯಿತು. ಫೋರ್ಟ್ ವೇಯ್ನ್ ತಂಡವೂ ಲೇಕರ್ಸ್ ತಂಡವೂ ಅದರೊಳಗೆ ಬೆಳೆದು, ಡೆಟ್ರಾಯಿಟ್ಟಿಗೂ ಲಾಸ್ ಏಂಜಲೀಸಿಗೂ ಹೋಗಿ, ಇವತ್ತಿಗೂ ಆಡುತ್ತಿವೆ. ರೆನ್ಸ್ ಕೊನೆಗೆ ಡೇಟನ್ ಎಂಬ ಊರಿನ ಹೆಸರಲ್ಲಿ ಒಂದು ಋತು ಲೀಗು ಆಡಿತ್ತು. ಹೊಸ ಲೀಗಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ತಂಡ ಮುಚ್ಚಿತು. ಎನ್‌ಬಿಎಯಲ್ಲಿ ಕಪ್ಪು ಆಟಗಾರರು ಕಾಲಿಟ್ಟದ್ದು 1950ರಲ್ಲಿ. ಮೊದಲು ಹೋದ ಮೂವರಲ್ಲಿ ಒಬ್ಬರಾದ ನ್ಯಾಟ್ ಕ್ಲಿಫ್ಟನ್ ರೆನ್ಸ್‌ನಲ್ಲಿ ಆಡಿದವರೇ. ಆಟಗಾರನಿಗೆ ಬಾಗಿಲು ತೆರೆಯಿತು, ಅವನನ್ನು ಬೆಳೆಸಿದ ತಂಡಕ್ಕೆ ತೆರೆಯಲಿಲ್ಲ. ದೊಡ್ಡದು ಬಂದಾಗ ಚಿಕ್ಕದು ಹೋಗುವ ರೀತಿಯೇ ಇದು. ಆಟ ಉಳಿಯುತ್ತದೆ, ಹಣ ಬೆಳೆಯುತ್ತದೆ. ಆ ಆಟವನ್ನು ಕಷ್ಟದ ಕಾಲದಲ್ಲಿ ಹೊತ್ತು ತಿರುಗಿದವರು ಮಾತ್ರ ದಾರಿಯಲ್ಲೇ ಉಳಿದುಬಿಡುತ್ತಾರೆ.

ನಮ್ಮ ಕಣವೂ ತೆರೆದ ಕಣವೇ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ, ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತಾತ್ರೇಯರ ಗುಡಿ ಇದೆ, ಜಿಡಗಾದಲ್ಲಿ ಮಠ ಇದೆ. ನಡೆದುಕೊಳ್ಳುವ ಜನ ಬೇರೆ ಬೇರೆ ಇದ್ದರೂ ಕುಸ್ತಿಯ ಕಣ ಎಲ್ಲರದೂ ಆಗಿತ್ತು. ಉರುಸಿನಲ್ಲಿ ಹಿಂದೂ ಪೈಲ್ವಾನ, ತೇರಿನ ಕುಸ್ತಿಯಲ್ಲಿ ಮುಸಲ್ಮಾನ ಪೈಲ್ವಾನ ಗೆದ್ದರೆ ಅದು ಮಾತಾಡುವ ಸಂಗತಿಯೇ ಆಗಿರಲಿಲ್ಲ. ವಸ್ತಾದರು ಯಾವ ಮತದವರಾದರೇನು, ಶಿಷ್ಯ ತಾಲೀಮಿಗೆ ಬಂದ ಕೂಡಲೇ ಕಾಲು ಮುಟ್ಟುತ್ತಿದ್ದ. ಊರಿನ ಒಳಗೆ ಜಾತಿಯ ಗೆರೆಗಳು ಗಟ್ಟಿಯಾಗಿಯೇ ಇದ್ದವು, ಬಾವಿಯ ಕಟ್ಟೆಯಲ್ಲೂ ಹೋಟೆಲಿನ ಬೆಂಚಿನ ಮೇಲೂ ಇದ್ದವು. ತಾಲೀಮಿನ ಬಾಗಿಲಲ್ಲೂ ಎಷ್ಟೋ ಊರಲ್ಲಿ ಇದ್ದವು. ಅದನ್ನು ಮುಚ್ಚಿಟ್ಟು ಹಿಂದಿನದನ್ನು ಹೊಗಳುವುದು ನ್ಯಾಯ ಅಲ್ಲ. ಆದರೆ ಜಾತ್ರೆಯ ಕಣದಲ್ಲಿ ಜೋಡಿ ಹಚ್ಚುವಾಗ ನೋಡುತ್ತಿದ್ದದ್ದು ಹೆಗಲು. ಮಿಕ್ಕ ದಿನ ದೂರ ನಿಲ್ಲಿಸಿಕೊಂಡವನ ಮೈಗೆ ಆ ಹೊತ್ತು ಎದುರಾಳಿ ತನ್ನ ಕೈಯಾರೆ ಮಣ್ಣು ಹಚ್ಚಬೇಕಿತ್ತು. ವರ್ಷಕ್ಕೊಂದು ಸಂಜೆಯಾದರೂ ಅದು ಊರೆದುರು ನಡೆಯುತ್ತಿತ್ತು. ಅಂಥ ಸಂಜೆಗಳು ನಮಗೆ ಬಹಳ ಇರಲಿಲ್ಲ. ಇದ್ದದ್ದೂ ಕಡಿಮೆಯಾಗುತ್ತಿದೆ ಅನ್ನುವುದೇ ನನ್ನ ಸಂಕಟ.

ಹೆಣ್ಣುಮಕ್ಕಳ ಮಟ್ಟಿಗೆ ಮಾತ್ರ ಆ ಕಣ ತೆರೆದಿರಲಿಲ್ಲ. ಅವರು ಮಾಳಿಗೆಯ ಮೇಲಿಂದ, ದೂರದ ಗೋಡೆಯ ಮರೆಯಿಂದ ನೋಡಬೇಕಿತ್ತು. ಪೈಲ್ವಾನನ ಹಾಲು ಕಾಯಿಸಿದವರು, ಬಾದಾಮಿ ಅರೆದವರು, ಮುರಿದ ಬೆರಳಿಗೆ ಅರಿಶಿನ ಕಟ್ಟಿದವರು ಅವರೇ. ಮ್ಯಾಟಿನ ಮೇಲಿನ ಹೊಸ ಕುಸ್ತಿ ಆ ಬಾಗಿಲನ್ನು ತೆರೆಯಿತು. 2016ರಲ್ಲಿ ಸಾಕ್ಷಿ ಮಲಿಕ್ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ದಾವಣಗೆರೆ, ಹಳಿಯಾಳದಂಥ ಕಡೆ ಸರ್ಕಾರದ ಕ್ರೀಡಾನಿಲಯಗಳಲ್ಲಿ ಮಕ್ಕಳು ಶಾಸ್ತ್ರೀಯವಾಗಿ ಕಲಿಯುತ್ತಿದ್ದಾರೆ. ಅದು ಆಗಬೇಕಾದದ್ದೇ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರು ಮಣ್ಣಿನ ಕಣದಿಂದಲೇ ಹೋದವರು. ಮಣ್ಣು ಮತ್ತು ಮ್ಯಾಟು ಒಂದರ ಶತ್ರು ಒಂದಲ್ಲ.

ಹಾಗಾದರೆ ಕಣ ಯಾಕೆ ಬರಿದಾಯಿತು? ಒಂದು ಕಾರಣ ಹಟ್ಟಿಯಲ್ಲಿದೆ. ಪೈಲ್ವಾನನ ಮೈ ಹಾಲು ತುಪ್ಪದಿಂದ ಆಗುವುದು. ಮನೆಯಲ್ಲಿ ಎಮ್ಮೆ ಇದ್ದಾಗ ಒಬ್ಬ ಮಗನಿಗೆ ಒಂದು ತಂಬಿಗೆ ಹಾಲು ಎತ್ತಿಡುವುದು ದೊಡ್ಡ ಮಾತಲ್ಲ. ಈಗ ಎಮ್ಮೆ ಇರುವ ಮನೆ ಕಡಿಮೆ, ಇದ್ದರೂ ಹಾಲು ಕ್ಯಾನಿನಲ್ಲಿ ಡೇರಿಗೆ ಹೋಗುತ್ತದೆ. ಬಾದಾಮಿಯ ಬೆಲೆ ಕೂಲಿಯವನ ಕೈಗೆ ಎಟುಕುವುದಿಲ್ಲ. ಎರಡನೇ ಕಾರಣ ಬಸ್ ನಿಲ್ದಾಣದಲ್ಲಿದೆ. ಮಳೆ ಕೈಕೊಟ್ಟ ವರ್ಷ, ತೊಗರಿ ಒಣಗಿದ ವರ್ಷ, ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿನ ಬಸ್ಸು ಹತ್ತುವವರು ಇದೇ ಇಪ್ಪತ್ತರ ಹರೆಯದ ಹುಡುಗರು. ಕಟ್ಟಡದ ಮೇಲೆ ಇಟ್ಟಿಗೆ ಹೊರುವ ಹೆಗಲಿಗೆ ಬೆಳಗಿನ ಜಾವದ ತಾಲೀಮು ಎಲ್ಲಿಂದ ಬರಬೇಕು? ಜಾತ್ರೆಗೆ ಎರಡು ದಿನ ರಜೆ ಹಾಕಿ ಬಂದವರು ಕಣದ ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಒಳಗೆ ಇಳಿಯುವುದಿಲ್ಲ. ಇಳಿಯಲು ಮೈ ಇಲ್ಲ.

ಮೂರನೇ ಕಾರಣ ನಾವೇ ಮಾಡಿಕೊಂಡದ್ದು. ಪಟ್ಟಿ ಎತ್ತುವುದು ಕಷ್ಟದ ಕೆಲಸ. ಮನೆಮನೆಗೆ ಹೋಗಬೇಕು, ಒಬ್ಬರು ಕೊಟ್ಟರೆ ಇನ್ನೊಬ್ಬರು ಬೈಯುತ್ತಾರೆ. ಅದರ ಬದಲು ಒಬ್ಬ ದೊಡ್ಡವರನ್ನು ಹಿಡಿದರೆ ಒಂದೇ ಮಾತಿನಲ್ಲಿ ಕಡಗ ಬರುತ್ತದೆ. ಹಾಗೆ ಬಂದ ಕಡಗದ ತೂಕ ಹೆಚ್ಚಿತು. ದೂರದ ಹೆಸರುವಾಸಿ ಪೈಲ್ವಾನರು ಬರತೊಡಗಿದರು, ಅವರ ನಡುವಿನ ಕುಸ್ತಿಗೆ ಸಮಯ ಕಟ್ಟಿದರು. ಊರವರು ಕೂತು ನೋಡುವವರಾದರು. ಮೊದಲು ಒಂದು ಮನೆಯವರು ಹತ್ತು ರೂಪಾಯಿ ಕೊಟ್ಟಿದ್ದರೆ ಕಣದ ಮೇಲೆ ಹತ್ತು ರೂಪಾಯಿಯಷ್ಟು ಹಕ್ಕಿರುತ್ತಿತ್ತು. ಜೋಡಿ ಸರಿ ಇಲ್ಲ ಎಂದು ಅವರು ಎದ್ದು ನಿಂತು ಹೇಳಬಹುದಿತ್ತು. ತಾವು ಕೊಡದ ಕಡಗದ ಬಗ್ಗೆ ಈಗ ಯಾರು ಏನು ಹೇಳುತ್ತಾರೆ?

ನಗರಗಳಲ್ಲಿ ಈಚೆಗೆ ಲೀಗುಗಳು ಬಂದವು. 2014ರಲ್ಲಿ ಪ್ರೊ ಕಬಡ್ಡಿ, 2015ರಲ್ಲಿ ಪ್ರೊ ಕುಸ್ತಿ. ಅದೇ ಹೊತ್ತಿಗೆ ಯುಬಿಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗು ಬಂತು, ಬೆಂಗಳೂರು ಬೀಸ್ಟ್ ಎಂಬ ತಂಡವೂ ಅದರಲ್ಲಿತ್ತು. ಕೆಲವೇ ವರ್ಷದಲ್ಲಿ ಆ ಲೀಗು ನಿಂತುಹೋಯಿತು. ಕಬಡ್ಡಿಯ ಲೀಗು ಮಾತ್ರ ಬೇರು ಬಿಟ್ಟಿತು. ಮಣ್ಣಿನಲ್ಲಿ ಆಡಿದ ಹಳ್ಳಿಯ ಹುಡುಗರಿಗೆ ಅದು ಹಣ, ಹೆಸರು, ಗೌರವ ಕೊಟ್ಟಿದೆ, ಅದನ್ನು ಕಂಡು ನನಗೆ ಸಂತೋಷವಾಗುತ್ತದೆ. ಆದರೆ ಲೀಗಿನ ಹುಡುಗನನ್ನು ಹರಾಜಿನಲ್ಲಿ ಕೊಳ್ಳುವವರು ಬೇರೆ, ಅವನ ಆಟ ನೋಡುವವರು ಬೇರೆ. ಅಲ್ಲಿ ಸೋತವನಿಗೆ ಎದ್ದುಬಂದು ಐವತ್ತು ರೂಪಾಯಿ ಕೊಡುವ ಕೈ ಇಲ್ಲ. ತೆಂಗಿನಕಾಯಿ ಕುಸ್ತಿಗೆ ಇಳಿದ ಏಳು ವರ್ಷದ ಹುಡುಗ ಅದೇ ಸಂಜೆ, ಅದೇ ಮಣ್ಣಿನಲ್ಲಿ, ಕಡಗದ ಪೈಲ್ವಾನನನ್ನು ಕಾಣುವ ಏಣಿಯೂ ಇಲ್ಲ.

ನಮ್ಮ ಕಣಕ್ಕೂ ಷಿಕಾಗೋದ ಆ ಪಂದ್ಯಾವಳಿಗೂ ಇರುವ ಒಂದು ವ್ಯತ್ಯಾಸ ನನ್ನನ್ನು ಹೆಚ್ಚು ಕಾಡುತ್ತದೆ. ಅಲ್ಲಿಯ ಪಂದ್ಯಾವಳಿ ನಡೆದದ್ದು ಹತ್ತೇ ವರ್ಷ. ನಿಂತು ಮುಕ್ಕಾಲು ಶತಮಾನ ಕಳೆದಿದೆ. ಹಾರ್ಲೆಮ್‌ನ ಆ ನೃತ್ಯಶಾಲೆಯ ಕಟ್ಟಡವನ್ನೂ 2015ರಲ್ಲಿ ಕೆಡವಿದರು. ಆದರೂ ಯಾವ ವರ್ಷ ಯಾರು ಗೆದ್ದರು, ಎಷ್ಟು ಅಂಕದಿಂದ, ಯಾರ ವಿರುದ್ಧ ಅನ್ನುವುದನ್ನು ಜಿಡಗಾದಲ್ಲಿ ಕೂತು ನಾನು ಹೇಳಬಲ್ಲೆ. ಪತ್ರಿಕೆ ಬರೆದಿಟ್ಟಿತು, ಆಟಗಾರರನ್ನು ಮುದಿತನದಲ್ಲಿ ಕೂರಿಸಿಕೊಂಡು ಮಾತಾಡಿಸಿದವರು ಬರೆದಿಟ್ಟರು. 1963ರಲ್ಲಿ ರೆನ್ಸ್ ತಂಡವನ್ನೇ ಇಡಿಯಾಗಿ ಬ್ಯಾಸ್ಕೆಟ್‌ಬಾಲಿನ ಗೌರವಶಾಲೆಗೆ ಸೇರಿಸಿದರು, ಬ್ಲೇಡು ಹಿಡಿದ ಜಾನ್ ಐಸಾಕ್ಸ್ ಅವರನ್ನು ಅವರು ತೀರಿಕೊಂಡ ಮೇಲೆ 2015ರಲ್ಲಿ ಸೇರಿಸಿದರು. ತಡವಾಯಿತು, ಆದರೂ ಹೆಸರು ಉಳಿಯಿತು.

ನಮ್ಮ ಕಣ ತಲೆಮಾರುಗಳ ಕಾಲ ನಡೆಯಿತು. ನಿಜಾಮರ ಆಳ್ವಿಕೆಯಲ್ಲಿ ನಡೆಯಿತು, 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಹೋದ ಮೇಲೂ ನಡೆಯಿತು, 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ ನಡೆಯಿತು. ಅಷ್ಟೂ ವರ್ಷದ ಕಡಗಗಳನ್ನು ಗೆದ್ದವರ ಒಂದು ಪಟ್ಟಿ ಯಾವ ಊರಿನ ಯಾವ ಕಪಾಟಿನಲ್ಲೂ ನನ್ನ ಕೈಗೆ ಸಿಕ್ಕಿಲ್ಲ. ಕಡಗಗಳೇ ಉಳಿದಿಲ್ಲ. ಮಗಳ ಮದುವೆಗೆ, ಬೀಜ ಗೊಬ್ಬರಕ್ಕೆ, ಆಸ್ಪತ್ರೆಯ ಖರ್ಚಿಗೆ ಅಕ್ಕಸಾಲಿಗರ ತಕ್ಕಡಿ ಏರಿ ಕರಗಿ ಹೋದವು. ಎಂಬತ್ತು ದಾಟಿದ, ಕಿವಿ ಮುದುಡಿದ ಒಬ್ಬ ಹಿರಿಯ ಪೈಲ್ವಾನರನ್ನು ಒಮ್ಮೆ ಕೇಳಿದೆ: ‘ಮುತ್ಯಾ, ಎಲ್ಲೆಲ್ಲಿ ಹಿಡದೀರಿ? ಯಾರ್ಯಾರನ್ನ ಗೆದ್ದೀರಿ?’ ಅವರು ಬಹಳ ಹೊತ್ತು ಯೋಚಿಸಿ ಅಂದರು: ‘ಗೆದ್ದಿದ್ದು ಎಲ್ಲಾ ನೆಪ್ಪಿಲ್ಲ ತಮ್ಮಾ. ಸೋತಿದ್ದು ಒಂದೊಂದೂ ನೆಪ್ಪದ.’ ಆಮೇಲೆ ತಮ್ಮನ್ನು ಸೋಲಿಸಿದವರ ಹೆಸರು, ಅವರ ಊರು, ಅವರು ಹಾಕಿದ ಪಟ್ಟು ಒಂದನ್ನೂ ಬಿಡದೆ ಹೇಳಿದರು. ಒಬ್ಬೊಬ್ಬರ ಹೆಸರು ಹೇಳುವಾಗಲೂ ಕೈ ಮೇಲೆತ್ತಿ ಮುಗಿದರು. ತಮ್ಮನ್ನು ಸೋಲಿಸಿದವರನ್ನು ಹೀಗೆ ನೆನಪಿನಲ್ಲಿ ಕಾಪಾಡಿದ ಮನುಷ್ಯರ ಗೆಲುವುಗಳನ್ನು ಕಾಪಾಡುವ ಕೆಲಸ ಊರಿನದಾಗಿತ್ತು. ಊರು ಅದನ್ನು ಮಾಡಲಿಲ್ಲ.

ತಾಲೀಮುಗಳು ಮತ್ತೆ ಮೊದಲಿನಂತೆ ತುಂಬುತ್ತವೆ ಎಂಬ ಭ್ರಮೆ ನನಗಿಲ್ಲ. ಹಾಲು, ಮಳೆ, ಕೂಲಿ ಯಾವುದನ್ನೂ ಒಂದು ಲೇಖನ ಬದಲಿಸುವುದಿಲ್ಲ. ಆದರೆ ಎರಡು ಕೆಲಸ ನಮ್ಮ ಕೈಯಲ್ಲಿವೆ. ಮುಂದಿನ ಜಾತ್ರೆಯಲ್ಲಿ ಕೊನೆಯ ಕಡಗ ಯಾರದೇ ಇರಲಿ, ಒಂದು ಕಡಗವಾದರೂ ಮನೆಮನೆಯ ಪಟ್ಟಿಯಿಂದ ಬರಲಿ. ಅದರ ಜೋಡಿಯನ್ನು ಊರೇ ಹಚ್ಚಲಿ, ಅದರಲ್ಲಿ ನಮ್ಮ ಹೆಣ್ಣುಮಕ್ಕಳ ಜೋಡಿಯೂ ಇರಲಿ. ಇನ್ನೊಂದು, ಪ್ರತಿ ಊರಿನ ಹೈಸ್ಕೂಲಿನ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಉಳಿದಿರುವ ಮುತ್ಯಾಗಳ ಮುಂದೆ ಕೂರಲಿ. ಹೆಸರು, ವಸ್ತಾದರ ಹೆಸರು, ಊರು, ಜಾತ್ರೆ, ಎದುರಾಳಿ, ಪಟ್ಟು, ಇನಾಮು. ಇಷ್ಟೇ ಸಾಕು. ಅವರ ಗೆಲುವು ಅವರಿಗೇ ಮರೆತಿದ್ದರೆ ಸೋತವರ ಊರಿಗೆ ಹೋಗಿ ಕೇಳಲಿ. ಅಲ್ಲಿ ಅದು ಖಂಡಿತ ಯಾರಿಗಾದರೂ ನೆನಪಿರುತ್ತದೆ. ಅದನ್ನು ಕೇಳಿ ಬರೆದುಕೊಳ್ಳಲು ನಮಗೆ ಉಳಿದಿರುವ ವರ್ಷಗಳು ಬಹಳ ಕಡಿಮೆ.